ಪೂಜೆಗೆ ಪರ್ಮಿಟ್

ನಮ್ಮದು ಪ್ಲೇನೋ ನಗರ ದಾಟಿದ ಮೇಲೆ ಸಿಗುವ ಚಿಕ್ಕ ಊರು. ಮೇಯರ್ ಸೇರಿ ಏಳು ಜನರ ಸಿಟಿ ಕೌನ್ಸಿಲ್. ೨೦೦೫ರ ಆಗಸ್ಟ್‌ನಲ್ಲಿ, ವರಮಹಾಲಕ್ಷ್ಮಿ ಹಬ್ಬದ ವಾರವೇ, ಆ ಏಳು ಜನ ಒಂದು ಹೊಸ ಕಾನೂನು ಮಾಡಲು ಕೂತರು. ಮನೆಯವರಲ್ಲದ ಹತ್ತಕ್ಕಿಂತ ಹೆಚ್ಚು ಜನ ಒಂದು ಮನೆಯಲ್ಲಿ ಪ್ರಾರ್ಥನೆಗೆ ಸೇರುವುದಾದರೆ ತಿಂಗಳು ಮುಂಚೆ ಪರ್ಮಿಟ್ ಪಡೆಯಬೇಕು, ಇಲ್ಲದಿದ್ದರೆ ದಂಡ. ಹುಟ್ಟುಹಬ್ಬಕ್ಕೆ, ಗ್ರಾಜುಯೇಷನ್‌ಗೆ, ಟಿವಿಯಲ್ಲಿ ಫುಟ್‌ಬಾಲ್ ನೋಡಲು ಸೇರುವವರಿಗೆ ವಿನಾಯಿತಿ.

ಇದಕ್ಕೆ ಕಾರಣ ನಮ್ಮ ಮನೆಯೇ. ಹಿಂದಿನ ವರ್ಷ ಅರಿಸಿನ-ಕುಂಕುಮಕ್ಕೆ ಬಂದವರ ಕಾರುಗಳು ಬೀದಿಯ ಎರಡೂ ಕಡೆ ನಿಂತಿದ್ದವು, ಒಂದು ಎದುರು ಮನೆಯ ಡ್ರೈವ್‌ವೇಗೆ ಅಡ್ಡವಾಗಿತ್ತು. ಮರುದಿನ ನಾನು ಹೋಗಿ ಕ್ಷಮೆ ಕೇಳುವಷ್ಟರಲ್ಲಿ ದೂರು ಸಿಟಿಗೆ ಮುಟ್ಟಿತ್ತು. ಪರ್ಮಿಟ್ ಕೇಳುವವರು ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂದು ಮೊದಲೇ ಹೇಳಬೇಕಂತೆ. ಅರಿಸಿನ-ಕುಂಕುಮಕ್ಕೆ ಹಾಗೆ ಲೆಕ್ಕ ಕೊಡಲು ಬರುತ್ತದೆಯೇ? ಪರಿಚಯದ ಹೆಂಗಸರನ್ನೆಲ್ಲ ಕರೆಯುತ್ತೇವೆ. ಆಫೀಸು ಮುಗಿಸಿ ಯಾರು ಯಾವಾಗ ಬರುತ್ತಾರೋ ಬರುತ್ತಾರೆ, ತಾಂಬೂಲ ತೆಗೆದುಕೊಂಡು ಇನ್ನೊಂದು ಮನೆಗೆ ಹೊರಡುತ್ತಾರೆ. ಬಂದ ಮುತ್ತೈದೆಗೆ, ನೀವು ಹನ್ನೊಂದನೆಯವರು, ಹೊರಗೇ ಇರಿ ಎನ್ನಲು ಸಾಧ್ಯವಿಲ್ಲ.

ನಾನು ಧೈರ್ಯದವಳಲ್ಲ. ಬೀದಿಯಲ್ಲಿ ಅಪರಿಚಿತ ಕಾರು ನಿಂತರೆ ಕಿಟಕಿಯ ಬ್ಲೈಂಡ್ಸ್ ಸಂದಿಯಿಂದ ನೋಡುವವಳು. ಆದರೆ ಮದುವೆಗೆ ಮುಂಚೆ ಮೈಸೂರಿನ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿದ್ದೆ. ಮೂಲಭೂತ ಹಕ್ಕನ್ನು ಕಿತ್ತುಕೊಳ್ಳುವ ಕಾನೂನನ್ನು ಸರ್ಕಾರ ಮಾಡಕೂಡದು ಎಂದು ಬೋರ್ಡಿನ ಮೇಲೆ ಬರೆದು, 'ಮಾಡಕೂಡದು' ಎಂಬುದರ ಕೆಳಗೆ ಗೆರೆ ಎಳೆಯುತ್ತಿದ್ದೆ. ಮಾಡಿ ನೋಡೋಣ, ಕೋರ್ಟು ಬೇಡವೆಂದರೆ ಬಿಡೋಣ ಎಂದು ಅದರ ಅರ್ಥವಲ್ಲ. ಈ ದೇಶದ ಸಂವಿಧಾನದಲ್ಲೂ ಅಂಥದೇ ಮಾತಿದೆ.

"ಕೌನ್ಸಿಲ್‌ಗೆ ಹೋಗಿ ಮಾತಾಡ್ತೀನಿ" ಎಂದಾಗ ನನ್ನ ಗಂಡ ಪ್ರಭಂಜನ ಲ್ಯಾಪ್‌ಟಾಪ್ ಮುಚ್ಚಿದರು.

"ಗ್ರೀನ್ ಕಾರ್ಡ್ ಕೊನೇ ಹಂತದಲ್ಲಿದೆ, ವಸಂತಾ. ಈಗ ಯಾಕೆ ಹೆಸರು ಬರೆಸಿಕೊಳ್ಳೋದು? ಹಬ್ಬಕ್ಕೆ ಕಾರಿನಲ್ಲಿ ಸೈಪ್ರೆಸ್‌ಗೆ, ನಿಮ್ಮಕ್ಕನ ಮನೆಗೆ ಹೋಗಿಬಿಡೋಣ."

"ಪ್ರತಿ ವರ್ಷ ಹೋಗೋಣವಾ?"

ಅವರು ಭಾನುವಾರ ಚನ್ನವೀರಪ್ಪ ಅಂಕಲ್‌ರನ್ನು ಕರೆಸಿದರು. ಹುಬ್ಬಳ್ಳಿಯವರು, ಇಲ್ಲಿಯ ಕನ್ನಡ ಸಂಘದ ಅಧ್ಯಕ್ಷರು. ಜೊತೆಗೆ ಅವರ ಹೆಂಡತಿ ಕಾಶವ್ವ ಆಂಟಿಯೂ ಬಂದರು.

"ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ, ತಂಗಿ?" ಎಂದರು ಅಂಕಲ್. "ಪೂಜಿ ಅನಬ್ಯಾಡ್ರಿ. ಬರ್ತ್‌ಡೇ ಅನ್ರಿ. ಮುಗೀತು."

"ಯಾರ ಬರ್ತ್‌ಡೇ ಅಂಕಲ್?"

"ಲಕ್ಷ್ಮೀದು ಅನ್ರಿ. ಹೆಣ್ಮಕ್ಕಳ ವಯಸ್ಸ ಇಲ್ಲೆ ಯಾರೂ ಕೇಳಂಗಿಲ್ಲ."

ಪ್ರಭಂಜನ ನಕ್ಕರು. "ನಗಬ್ಯಾಡ್ರಿ" ಎಂದರು ಕಾಶವ್ವ ಆಂಟಿ. "ಇವ್ರು ಗುಡಿ ಕಟ್ಟೋ ಮುಂದನೂ ಕಲ್ಚರಲ್ ಸೆಂಟರ್ ಅಂತ ಬರೆಸ್ಯಾರ. ದೇವರಿಗೆ ಸುಳ್ಳ ಅಡ್ರೆಸ್ ಕೊಡೋದ್ರಾಗ ಇವ್ರ ಕೈ ಹಿಡಿಯೋರಿಲ್ಲ."

"ಗುಡಿ ನಿಂತೋ ಇಲ್ಲೋ? ಅದನ್ನ ಹೇಳು."

ಗುಡಿ ನಿಂತಿತ್ತು ನಿಜ. ನಾನು ಕಾಫಿ ತರಲು ಒಳಗೆ ಹೋದೆ.

ಮಂಗಳವಾರ ಸಂಜೆ ಸಭೆ. ಮೊದಲು ಎಲ್ಲರೂ ಎದ್ದು ನಿಂತು ಬಾವುಟಕ್ಕೆ ಮುಖ ಮಾಡಿ ಪ್ರತಿಜ್ಞೆ ಹೇಳಿದರು. ಆಮೇಲೆ, ಆಶ್ಚರ್ಯವೆಂದರೆ, ಸಿಟಿಯ ವಕೀಲರೇ ನಮ್ಮ ಪರವಾಗಿ ಮಾತಾಡಿದರು. ಪ್ರಾರ್ಥನೆಯೊಂದನ್ನೇ ಬೇರೆ ಮಾಡಿ ನಿಯಮ ಹಾಕುವುದು ಸಂವಿಧಾನಕ್ಕೆ ಹೊಂದುವುದಿಲ್ಲ, ರಾಜಧಾನಿ ಆಸ್ಟಿನ್‌ನಲ್ಲಿ ರಾಜ್ಯದ ಶಾಸಕರು ಮಾಡಿರುವ ಕಾನೂನಿಗೂ ಹೊಂದುವುದಿಲ್ಲ, ಬೇಕಾದರೆ ಪಾರ್ಕಿಂಗ್‌ಗೆ ನಿಯಮ ಮಾಡಿ ಎಂದರು.

ಮೇಯರ್ ತಲೆದೂಗಿದರು. "ಥ್ಯಾಂಕ್ಯೂ. ಸಂವಿಧಾನ ನೋಡಿಕೊಳ್ಳೋಕೆ ಕೋರ್ಟುಗಳಿವೆ. ನಮ್ಮ ಕೆಲಸ, ಜನ ಕೇಳಿದ್ದನ್ನ ಮಾಡೋದು."

ಇಷ್ಟು ಹಗುರವಾಗಿ ಹೇಳಬಹುದಾದ ಮಾತೇ ಅದು? ಅಧಿಕಾರಕ್ಕೆ ಬಂದ ದಿನ ಇದೇ ಕೋಣೆಯಲ್ಲಿ ಕೈಯೆತ್ತಿ, ಸಂವಿಧಾನವನ್ನು ಕಾಪಾಡುತ್ತೇನೆ ಎಂದು ಪ್ರಮಾಣ ಮಾಡಿದವರು ಅವರು. ಕೋರ್ಟು ಕಾಪಾಡುತ್ತದೆ ಎಂದಲ್ಲ.

ನನ್ನ ಸರದಿ ಬಂತು. ಮೈಕಿನ ಮುಂದಿನ ಮರದ ಅಂಚನ್ನು ಹಿಡಿದುಕೊಂಡೆ. "ಕಾರು ಅಡ್ಡ ನಿಂತದ್ದು ತಪ್ಪು" ಎಂದೆ. "ಕಾರಿಗೆ ಕಾನೂನು ಮಾಡಿ, ನಾನೇ ಮೊದಲು ಪಾಲಿಸುತ್ತೇನೆ. ಭಾನುವಾರ ಆಟ ನೋಡಲು ಬರುವವರ ಟ್ರಕ್ಕುಗಳೂ ನಮ್ಮ ಬೀದಿಯ ಎರಡೂ ಕಡೆ ನಿಲ್ಲುತ್ತವೆ. ಅದೇ ಬೀದಿ, ಅಷ್ಟೇ ಗಾಡಿಗಳು. ಒಳಗೆ ಕೂತವರು ದೇವರ ಹೆಸರು ಹೇಳಿದರೆ ಮಾತ್ರ ದಂಡ. ನಿಮ್ಮ ವಕೀಲರೇ ಬೇಡ ಎಂದಿದ್ದಾರೆ. ಇನ್ನು ಯಾರು ಹೇಳಬೇಕು?"

ಕೊನೆಯ ಕುರ್ಚಿಯಲ್ಲಿದ್ದ ವಯಸ್ಸಾದ ಸದಸ್ಯರು ಮುಂದೆ ಬಾಗಿದರು. ಒಳ್ಳೆಯ ಮುಖ, ಮೆಲುದನಿ. "ಮ್ಯಾಮ್, ನಿಮ್ಮದು ಒಂಥರಾ ಪಾರ್ಟಿ ಅಲ್ವಾ? ಊಟ, ಚೆಂದದ ಬಟ್ಟೆ, ಹೆಂಗಸರ ಮಾತುಕತೆ. ಪಾರ್ಟಿ ಅಂತ ಒಂದು ಮಾತು ಹೇಳಿ. ಯಾರೂ ನಿಮ್ಮ ತಂಟೆಗೆ ಬರೋದಿಲ್ಲ."

ಎರಡನೇ ಸಾಲಿನಲ್ಲಿ ಪ್ರಭಂಜನ ನನಗೆ ಮಾತ್ರ ಕಾಣುವಂತೆ, ಹೂಂ ಅನ್ನು ಎಂದು ತಲೆಯಾಡಿಸಿದರು. ಪಕ್ಕದಲ್ಲಿ ಚನ್ನವೀರಪ್ಪ ಅಂಕಲ್ ಹೆಬ್ಬೆರಳು ಎತ್ತಿದರು. ಒಂದೇ ಮಾತು, ನಾವು ಮನೆಗೆ ಹೋಗಬಹುದಿತ್ತು. ಆದರೆ ಅವರು ನನಗೆ ಕೊಡುತ್ತಿದ್ದುದು ವಿನಾಯಿತಿಯಲ್ಲ. ನನ್ನ ಮನೆಯಲ್ಲಿ ನಾನೇ ಸುಳ್ಳು ಹೇಳಿಕೊಂಡು ಇರಲು ಅನುಮತಿ.

"ಪಾರ್ಟಿ ಅಲ್ಲ, ಪೂಜೆ" ಎಂದೆ. "ಶುಕ್ರವಾರ ಮಾಡುತ್ತೇನೆ."

ಐದು ಕೈಗಳು ಮೇಲೆದ್ದವು, ಎರಡು ಏಳಲಿಲ್ಲ. ಕೂಡಲೇ ಜಾರಿ. "ತಪ್ಪಿದ್ದರೆ ಯಾರಾದರೂ ಕೇಸ್ ಹಾಕಲಿ" ಎಂದು ಯಾರೋ ಹೇಳಿದರು, ನಗು ಕೇಳಿಸಿತು.

ಕಾರಿನಲ್ಲಿ ಬರುವಾಗ ಆ ಮಾತನ್ನೇ ನೆನೆಯುತ್ತಿದ್ದೆ. ಯಾರಾದರೂ ಕೇಸ್ ಹಾಕಲಿ ಅಂದರೇನು? ಯಾರೋ ಒಬ್ಬರು ದಂಡ ಹಾಕಿಸಿಕೊಳ್ಳಬೇಕು, ವಕೀಲರನ್ನು ಹುಡುಕಬೇಕು, ವರ್ಷಗಟ್ಟಲೆ ಕಾಯಬೇಕು. ಪ್ರಮಾಣ ಮಾಡಿದವರು ಕೈಯೆತ್ತಿ ಮನೆಗೆ ಹೋದರು. ಅವರ ಸಂವಿಧಾನವನ್ನು ಕಾಯುವ ಕೆಲಸ ಯಾವ ಪ್ರಮಾಣವನ್ನೂ ಮಾಡದ, ಈ ದೇಶದ ಪ್ರಜೆಯೂ ಅಲ್ಲದ ನನ್ನ ಪಾಲಿಗೆ ಬಂತು.

ಶುಕ್ರವಾರ ಬೆಳಗಿನಿಂದ ಫೋನುಗಳು. ಒಬ್ಬರಿಗೆ ಮೀಟಿಂಗ್, ಒಬ್ಬರಿಗೆ ತಲೆನೋವು. ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ, ಅವರ ವೀಸಾಗಳೂ ನಮ್ಮಂಥವೇ. ಆದರೂ ಸಂಜೆಯ ಹೊತ್ತಿಗೆ ಒಂಬತ್ತು ಹೆಂಗಸರು ಬಂದು ಕಲಶದ ಮುಂದೆ ಕೂತಿದ್ದರು. ಹೊರಗೆ ಏನೋ ಸದ್ದಾಯಿತೆಂದು ಹೋಗಿ ನೋಡಿದೆ. ಚನ್ನವೀರಪ್ಪ ಅಂಕಲ್ ನಮ್ಮ ಮೇಲ್‌ಬಾಕ್ಸಿಗೆ ಬಲೂನು ಕಟ್ಟುತ್ತಿದ್ದರು, ಒಂದರ ಮೇಲೆ ಹ್ಯಾಪಿ ಬರ್ತ್‌ಡೇ. ಇಳಕಲ್ ಸೀರೆಯುಟ್ಟ ಕಾಶವ್ವ ಆಂಟಿಯ ಕೈಯಲ್ಲಿ ಕೇಕಿನ ಡಬ್ಬ.

"ಸಿಟಿಯವರ ಬಿಳಿ ಗಾಡಿ ಆ ಮೂಲ್ಯಾಗ ನಿಂತದ, ತಂಗಿ. ಇವು ಒಂದ್ ತಾಸು ಇರ್ಲಿ."

"ಬೇಡ ಅಂಕಲ್. ನಿಮ್ಮ ಮಾತು ಮೀರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ" ಎಂದು ಗಂಟು ಬಿಚ್ಚಿದೆ. ಬಲೂನುಗಳು ಪಕ್ಕದ ಮನೆಯ ಓಕ್ ಮರಕ್ಕೆ ಹೋಗಿ ಸಿಕ್ಕಿಕೊಂಡವು.

"ಒಳಗ ಎಷ್ಟ ಮಂದಿ ಅದಾರ?" ಎಂದರು ಅವರು.

"ಒಂಬತ್ತು."

ಕಾಶವ್ವ ಆಂಟಿ ಕೇಕಿನ ಡಬ್ಬವನ್ನು ಗಂಡನ ಕೈಗಿಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋದರು. ಹತ್ತು. ಅಂಕಲ್ ಮೂಲೆಯ ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ಡಬ್ಬವನ್ನು ಮೇಲ್‌ಬಾಕ್ಸಿನ ಮೇಲಿಟ್ಟರು.

"ಗಂಡಸರಿಗೆ ಕುಂಕುಮ ಇಲ್ಲಂತ ಹೊರಗ ನಿಂದ್ರಸ್ತೀರೇನ್ರಿ?" ಎಂದು ಬೂಟು ಬಿಚ್ಚತೊಡಗಿದರು.

ಬಿಳಿ ಗಾಡಿ ಮೆಲ್ಲಗೆ ನಮ್ಮ ಮನೆಯ ಮುಂದೆ ಬಂದು ನಿಂತಿತು. ಪ್ರಭಂಜನ ಹೊರಗೆ ಬಂದು ನನ್ನ ಪಕ್ಕ ನಿಂತರು. ಹಣೆ ಬೆವೆತಿತ್ತು.

"ನೀನು ಹೋಗಿ ಆರತಿ ಎತ್ತು. ಅವರ ಹತ್ತಿರ ನಾನು ಮಾತಾಡ್ತೀನಿ."

"ಏನಂತ ಹೇಳ್ತೀರಿ?"

"ಪೂಜೆ ಅಂತ" ಎಂದು ಅವರು ಮೆಟ್ಟಿಲಿಳಿದರು.