ಹೊರಗಣ್ಣ

ಮನೆಯ ಬಾಗಿಲಲ್ಲಿ ಬಿಟ್ಟ ಪಾದರಕ್ಷೆಗಳನ್ನು ನೋಡಿಯೇ ಹೊರಗಣ್ಣನವರು ಒಳಗಿದ್ದಾರೋ ಇಲ್ಲವೋ ಹೇಳಿಬಿಡಬಹುದಿತ್ತು. ಮಿಕ್ಕವರ ಚಪ್ಪಲಿಗಳು ಒಳಮುಖವಾಗಿ, ಒಂದರ ಮೇಲೊಂದು ಕಾಲು ಹಾಕಿಕೊಂಡು ಬಿದ್ದಿದ್ದರೆ, ಅವರ ಕಪ್ಪು ಬೂಟುಗಳೆರಡು ಮಾತ್ರ ಗೋಡೆಗೆ ಹಿಮ್ಮಡಿ ಒತ್ತಿ, ಪರಸ್ಪರ ಸಮಾನಾಂತರವಾಗಿ, ಬೀದಿಯ ಕಡೆ ಮುಖ ಮಾಡಿ, ಅಪ್ಪಣೆಯಾದರೆ ಈ ಕ್ಷಣವೇ ಹೊರಟೆವು ಎಂಬಂತೆ ನಿಂತಿರುತ್ತಿದ್ದವು. ಬೂಟಿನ ಮಾತು ಹಾಗಿರಲಿ, ಊಟದ ಮೇಜಿನ ಕುರ್ಚಿಯನ್ನೂ ಅವರು ಹಿಂದಕ್ಕೆಳೆದು, ಹೊರಳಿಸಿ, ಸಲೀಸಾಗಿ ಎದ್ದು ಹೋಗಲು ದಾರಿ ಇರುವಂತೆ ಓರೆಯಾಗಿ ನಿಲ್ಲಿಸದೆ ಕೂರುತ್ತಿರಲಿಲ್ಲ. ನಡಿಗೆಯಲ್ಲೂ ಅದೇ ಶಿಸ್ತು: ನಾಲ್ಕು ಹೆಜ್ಜೆಗೊಮ್ಮೆ ಎಡಭುಜ, ಬಲಭುಜಗಳನ್ನು ಪರೀಕ್ಷಿಸುವುದು, ಹಜಾರದಿಂದ ಅಡುಗೆಮನೆಗೆ ತಿರುಗುವ ಮೂಲೆಯಲ್ಲಿ ತಡೆದು, ಗಂಟಲು ಕೆರೆದು, ಎದುರಿನಿಂದ ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಒಳಗಡಿಯಿಡುವುದು. "ಹಾರ್ನ್ ಆಯ್ತಲ್ಲ, ಬನ್ನಿ ಬನ್ನಿ, ರೋಡ್ ಖಾಲಿ ಇದೆ" ಎಂದು ಹೆಂಡತಿ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು.

ಅವರು ಊರು ತೋರಿಸುವ ಬಸ್ಸಿನ ಡ್ರೈವರು. ಪರಸ್ಥಳಗಳಿಂದ ಬಂದವರನ್ನು ಬೆಳಗ್ಗೆ ತುಂಬಿಕೊಂಡು, ನೋಡಲೇಬೇಕಾದವೆಂದು ಪ್ರಸಿದ್ಧವಾದ ಜಾಗಗಳಿಗೆಲ್ಲ ಸುತ್ತಿಸಿ, ಸಂಜೆಗೆ ಅದೇ ನಿಲ್ದಾಣದಲ್ಲಿ ಇಳಿಸುವ ಎರಡಂತಸ್ತಿನ ಕೆಂಪು ಬಸ್ಸು. ಹಳೆಯ ಅರಮನೆ, ಗಡಿಯಾರದ ಗೋಪುರ, ವಸ್ತುಸಂಗ್ರಹಾಲಯ, ಮತ್ಸ್ಯಾಲಯ, ನದಿಯ ಮೇಲಿನ ತೂಗುಸೇತುವೆ, ಕೊನೆಗೆ ಎಲ್ಲರ ಜೇಬು ಹಗುರಾಗಲೆಂದು ದೊಡ್ಡ ಮಾರುಕಟ್ಟೆ. ಅವರು ತೊಡುತ್ತಿದ್ದ ಕಡುನೀಲಿ ಕೋಟಿನ ಎದೆಯ ಮೇಲೆ ಕಂಪನಿಯವರು ಗೋಪುರದ ಚಿತ್ರವನ್ನು ಬಂಗಾರದ ಬಣ್ಣದ ದಾರದಲ್ಲಿ ಹೊಲಿಸಿದ್ದರು. ಇಪ್ಪತ್ತು ವರ್ಷಕ್ಕೆ ಹತ್ತಿರ ಆ ಗೋಪುರವನ್ನು ಎದೆಗಂಟಿಸಿಕೊಂಡು ತಿರುಗಿದ ಆ ಮನುಷ್ಯ ಒಮ್ಮೆಯಾದರೂ ಅದನ್ನು ಹತ್ತಿದವರಲ್ಲ. ಗೋಪುರವೊಂದೇ ಅಲ್ಲ, ಅರಮನೆಯ ಹೊಸ್ತಿಲನ್ನೂ ಅವರು ದಾಟಿರಲಿಲ್ಲ.

ಇದಕ್ಕೆ ಕಾರಣ ಅರಸಿಕತೆಯಲ್ಲ, ಕಂಪನಿಯ ನಿಯಮ. ಪ್ರಯಾಣಿಕರು ಇಳಿದು ಹೋದಾಗ ಡ್ರೈವರು ಬಸ್ಸನ್ನು ಬಿಟ್ಟು ಅಲುಗಕೂಡದು. ಇಳಿದವರ ಸಾಮಾನೆಲ್ಲ ಬಸ್ಸಿನಲ್ಲಿರುತ್ತದೆ. ಸರಿ, ರಜೆಯ ದಿನ ಹೋಗಬಹುದಲ್ಲ ಎಂದರೆ, ಬಸ್ಸಿನ ವಾರದ ರಜೆ ಸೋಮವಾರ. ಯಾಕೆ ಸೋಮವಾರವೆಂದರೆ, ಅವತ್ತು ಊರಿನ ಪ್ರೇಕ್ಷಣೀಯ ಸ್ಥಳಗಳಿಗೆಲ್ಲ ರಜೆ. ಹೀಗೆ ಅವರ ಬಿಡುವೂ ತೆರೆದ ಬಾಗಿಲೂ ಒಂದನ್ನೊಂದು ಎಂದೂ ಸಂಧಿಸದಂತೆ ಯಾರೋ ಜಾತಕ ನೋಡಿ ನಿಶ್ಚಯಿಸಿದ ಹಾಗಿತ್ತು. ನೋಟ ಪ್ರಯಾಣಿಕರಿಗೆ, ನೋಟು ಕಂಪನಿಗೆ, ಅವರ ಪಾಲಿಗೆ ಉಳಿದದ್ದು ಕನ್ನಡಿಯ ಹಿನ್ನೋಟ.

ಆ ಬಸ್ಸಿನಲ್ಲಿ ಮೈಕು ಹಿಡಿದು ವಿವರಣೆ ಕೊಡುತ್ತಿದ್ದ ಹೆಂಗಸು, ಎಲ್ಲರ ಬಾಯಲ್ಲೂ ಗೈಡಮ್ಮ, ಅವರಿಗೆ ಇಟ್ಟ ಹೆಸರು ಹೊರಗಣ್ಣ. ಹೊರಗೇ ಇರುವ ಅಣ್ಣ ಎಂದು ಒಂದರ್ಥ, ಹೊರಗನ್ನಷ್ಟೇ ಕಂಡ ಕಣ್ಣು ಎಂದು ಇನ್ನೊಂದು. ಒಳಗಣ್ಣು ತೆರೆದ ಜ್ಞಾನಿಗಳು ಯಾವ ಊರಿನಲ್ಲೂ ನಾಲ್ಕಾರು ಮಂದಿ ಸಿಕ್ಕಾರು, ಹೊರಗಣ್ಣ ಒಬ್ಬರೇ. ಹೊರಗು ಎಂದರೂ ಅದು ಮುಂಭಾಗವಲ್ಲ. ಬಸ್ಸು ನಿಲ್ಲಿಸುವ ಜಾಗ ಎಲ್ಲ ಕಡೆಯೂ ಕಟ್ಟಡದ ಹಿತ್ತಲಲ್ಲೇ ಇರುತ್ತಿತ್ತು. ಲೋಕವೆಲ್ಲ ಕೊರಳು ಚಾಚಿ ಬೆರಗಾಗುವ ಅರಮನೆ ಅವರ ಮಟ್ಟಿಗೆ ಮಸಿ ಹಿಡಿದ ಹೊಗೆಗೊಳವೆ, ಸೋರುವ ನಲ್ಲಿ, ಕಾವಲುಗಾರರು ಒಣಹಾಕಿದ ಬನಿಯನ್ನು. ಮತ್ಸ್ಯಾಲಯವೆಂದರೆ ದೊಡ್ಡ ಮೀನುಗಳ ಊಟಕ್ಕೆ ಸಣ್ಣ ಮೀನು ಹೊತ್ತು ತರುವ ಲಾರಿಯ ನಾತ. ವಸ್ತುಸಂಗ್ರಹಾಲಯದ ಹಿಂದೆ ದುರಸ್ತಿಗೆ ಕಾದಿರುವ ತಲೆಯಿಲ್ಲದ ವಿಗ್ರಹಗಳು ಸಾಲಾಗಿ ನಿಂತಿರುತ್ತಿದ್ದವು. ಒಮ್ಮೆ ಅಪ್ಪನ ಜೊತೆ ಅಲ್ಲಿಯವರೆಗೆ ಹೋಗಿಬಂದ ಪುಟ್ಟ ಮಗಳು, ಅದು ತಲೆ ಕಳೆದುಕೊಂಡವರನ್ನು ಇಡುವ ಆಸ್ಪತ್ರೆ ಎಂದೇ ಬಹಳ ದಿನ ನಂಬಿದ್ದಳು.

ಕಣ್ಣಿಗೆ ಸಿಗದ್ದು ಕಿವಿಗೆ ಮಾತ್ರ ಯಥೇಚ್ಛವಾಗಿ ಸಿಗುತ್ತಿತ್ತು. ಗೈಡಮ್ಮನ ವಿವರಣೆ ಉಸಿರಿನ ತಾಣಗಳ ಸಮೇತ ಅವರಿಗೆ ಕಂಠಸ್ಥ. ಆದರೆ ಆ ವಿವರಣೆಗೂ ಒಂದು ಗಡಿ ಇತ್ತು. ಬಸ್ಸು ನಿಂತೊಡನೆ ಆಕೆ ಮೈಕಿನ ಗುಂಡಿ ಒತ್ತಿ ಆರಿಸಿ, ಜನರನ್ನು ಇಳಿಸಿಕೊಂಡು ನಡೆದುಬಿಡುತ್ತಿದ್ದಳು. ಹೀಗಾಗಿ ಪ್ರತಿಯೊಂದು ಸ್ಥಳದ ಚರಿತ್ರೆಯೂ ಅವರಿಗೆ ಹೊಸ್ತಿಲಿನ ತನಕ ಚೊಕ್ಕವಾಗಿ ಗೊತ್ತು, ಅಲ್ಲಿಂದಾಚೆಗೆ ಕತ್ತಲು. ಆ ಕತ್ತಲಿನಲ್ಲೇ ಅವರು ಎಡವಿದ್ದು.

ಮದುವೆಯಾದ ಕೆಲವು ವರ್ಷಗಳಿಗೆ ಹೆಂಡತಿ ಸ್ಟೂಲಿನಿಂದ ಜಾರಿ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡಳು. ಡಾಕ್ಟರು ಅಲುಗಾಡಬಾರದೆಂದರು; ಆ ಚಳಿಗಾಲವಿಡೀ ಹಲಗೆಯಂಥ ಹಾಸಿಗೆಯ ಮೇಲೆ ಅಂಗಾತ ಮಲಗಿ ಛಾವಣಿಯನ್ನು ಓದುವುದೇ ಆಕೆಯ ಪಾಡಾಯಿತು. ಸಂಜೆ ಬಂದ ಗಂಡ ಪಕ್ಕದಲ್ಲಿ ಕೂತು ಏನು ಮಾತಾಡಬೇಕು? ಬೆನ್ನಿನ ವಿಷಯ ಎತ್ತಿದರೆ ಆಕೆ ಅಳುತ್ತಾಳೆ; ಖರ್ಚಿನ ವಿಷಯ ಎತ್ತಿದರೆ ಇಬ್ಬರೂ ಅಳಬೇಕು. ಹಾಗಾಗಿ ಊರಿನ ವಿಷಯ ಎತ್ತಿದರು. ಮೊದಮೊದಲು ಗೈಡಮ್ಮನ ಸರಕು. ಅದು ಹೊಸ್ತಿಲಿಗೆ ಬಂದು ಮುಗಿದಾಗ ಹೆಂಡತಿ, "ಆಮೇಲೆ? ಒಳಗೆ?" ಎಂದಳು. ಅವರು ಬಾಗಿಲು ದೂಡಿಕೊಂಡು ನಡೆದೇಬಿಟ್ಟರು. ದಿನಕ್ಕೊಂದು ಕೋಣೆ ಕಟ್ಟಿದರು. ಅವುಗಳಲ್ಲೆಲ್ಲ ಶ್ರೇಷ್ಠವಾದದ್ದು ಅರಮನೆಯ ಮೇಲಿನ ಮಹಡಿಯ ನೀಲಿ ಕೋಣೆ. ಮೂರು ಕಡೆಯೂ ನೀಲಿ ಗಾಜಿನ ಕಿಟಕಿಗಳು, ನಡುವೆ ನಿಂತರೆ ಊರಿನ ಛಾವಣಿಗಳೆಲ್ಲ ನೀರಿನೊಳಗೆ ಅದ್ದಿದಂತೆ ಕಾಣುತ್ತವೆ, ಮಾತಾಡಿದರೆ ದನಿ ಕೂಡ ತಣ್ಣಗಾಗುತ್ತದೆ. ಹೆಂಡತಿ ಕಣ್ಣು ಮುಚ್ಚಿ ಕೇಳಿದಳು. ಎದ್ದು ಓಡಾಡುವಂತಾದ ಮೇಲೆ ಆಕೆ ಮಾಡಿಸಿದ ಮೊದಲ ಕೆಲಸ ಮಲಗುವ ಕೋಣೆಯ ಕಿಟಕಿಗೆ ನೀಲಿ ಕಾಗದ ಅಂಟಿಸಿದ್ದು. ಬಂದವರಿಗೆಲ್ಲ ಅದನ್ನು ತೋರಿಸಿ, "ಅರಮನೇಲಿ ಇರೋದು ಇದರ ನೂರರಷ್ಟು ಚೆನ್ನಾಗಿದೆಯಂತೆ, ಇವರು ದಿನಾ ನೋಡ್ತಾರೆ" ಎನ್ನುತ್ತಿದ್ದಳು. ನೀನೂ ಒಮ್ಮೆ ಹೋಗಿ ಬಾ ಎಂದು ಯಾರಾದರೂ ಅಂದರೆ, "ಇವರು ನೋಡಿದಾರಲ್ಲ, ಸಾಕು ಬಿಡಿ" ಎಂಬುದು ಆಕೆಯ ಉತ್ತರ. ಆ ಉತ್ತರದಲ್ಲಿ ಹೊರಗಣ್ಣನವರಿಗೆ ಕೇಳಿಸುತ್ತಿದ್ದದ್ದು ತೃಪ್ತಿ.

ಎಲ್ಲವೂ ಹಾಗೆಯೇ ನಡೆದುಹೋಗುತ್ತಿತ್ತೇನೋ, ಷಡ್ಡಕರು ಬಾರದಿದ್ದರೆ. ನಾದಿನಿಯ ಗಂಡನಾದ ಆ ಷಡ್ಡಕರದು ಬೇರೊಂದು ಊರಿನಲ್ಲಿ ಕನ್ನಡಕದ ಅಂಗಡಿ. ಯಾರ ಮುಖ ಕಂಡರೂ ಮೊದಲು ಮೂಗಿನ ಅಳತೆ ತೆಗೆಯುವ ಮನುಷ್ಯ. ಹೆಂಡತಿ ಸಮೇತ ಬಂದು ಚೀಲ ಇಳಿಸುವಷ್ಟರಲ್ಲೇ ಘೋಷಿಸಿದರು:

"ಅಣ್ಣಾ, ಈ ಸಲ ನೀಲಿ ಕೋಣೆ ನೋಡ್ದೆ ನಾವು ಊರಿಗೆ ವಾಪಸ್ ಹೋಗಲ್ಲ. ಅತ್ತಿಗೆ ಫೋನಲ್ಲಿ ಹೇಳಿ ಹೇಳಿ, ನಾವು ಅದಕ್ಕೆ ಬಾಡಿಗೆ ಕೊಡ್ತಾ ಇಲ್ಲ ಅನ್ನೋದೊಂದು ಬಿಟ್ರೆ ಹೆಚ್ಚುಕಮ್ಮಿ ಅಲ್ಲೇ ವಾಸ ಮಾಡ್ತಿದೀವಿ."

"ನಾನೂ ಬರ್ತೀನಿ" ಎಂದಳು ಹೆಂಡತಿ, ಯಾರೂ ಕೇಳದೆಯೇ.

ಹೊರಗಣ್ಣನವರು ತಟ್ಟೆಯಿಂದ ತಲೆ ಎತ್ತದೆ, "ಸೋಮವಾರ ಹೋಗೋಣ. ಅವತ್ತು ಜನ ಕಮ್ಮಿ" ಎಂದರು.

ಷಡ್ಡಕರು ಫೋನು ಒತ್ತಿ ನೋಡಿದರು. "ಕಮ್ಮಿ ಏನು, ಒಬ್ಬರೂ ಇರಲ್ಲಣ್ಣ. ಸೋಮವಾರ ಬಾಗಿಲೇ ತೆಗೆಯಲ್ಲ!"

ಮರುದಿನ ಮಾರುಕಟ್ಟೆಯ ಹಿಂದೆ ಬಸ್ಸು ನಿಲ್ಲಿಸಿ, ಪ್ರಯಾಣಿಕರೆಲ್ಲ ಇಳಿದ ಮೇಲೆ, ಅವರು ಗೈಡಮ್ಮನನ್ನು ತಡೆದು ಕೇಳಿದರು. "ಅರಮನೆ ಮೇಲ್ಗಡೆ ನೀಲಿ ಗಾಜಿನ ಕೋಣೆ ಅಂತ ಏನಾದ್ರೂ ಇದೆಯಾ?"

"ನೀಲಿನಾ? ಇಲ್ಲಣ್ಣ. ಮೇಲ್ಗಡೆ ಆಫೀಸು. ಒಂದು ಹಸಿರು ಬೀರು ಇದೆ, ಬೇಕಾದ್ರೆ."

ಹಸಿರು ಬೀರುವಿನಿಂದ ನೀಲಿ ಕೋಣೆಯನ್ನು ತುಂಬಲು ಸಾಧ್ಯವಿರಲಿಲ್ಲ. ಒಂದು ಚಳಿಗಾಲವನ್ನು ಆ ಕೋಣೆಯ ಆಸರೆಯಲ್ಲಿ ಕಳೆದವಳ ಮುಂದೆ, ಅದೂ ತಂಗಿ ಮತ್ತು ತಂಗಿಯ ಗಂಡ ಸಾಕ್ಷಿಯಾಗಿ ನಿಂತಿರುವಾಗ, ಅದರ ಗೋಡೆ ಕೆಡವುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ತಮ್ಮ ಕಷ್ಟವನ್ನು ಗೈಡಮ್ಮನಿಗೆ ತೋಡಿಕೊಂಡರು. ಆಕೆ ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಅಷ್ಟಕ್ಕೆಲ್ಲ ಯಾಕೆ ಮುಖ ಸಣ್ಣ ಮಾಡ್ತೀರಾ? ಅದನ್ನ ನನಗೆ ಬಿಡಿ" ಎಂದಳು.

ಹೋಗಲೇಬೇಕಾದ ಗುರುವಾರ ಅವರು ರಜೆ ಹಾಕಿ, ಬಾಳಿನಲ್ಲಿ ಮೊದಲ ಸಲ ತಮ್ಮದೇ ಬಸ್ಸಿನಲ್ಲಿ ಪ್ರಯಾಣಿಕರಾಗಿ ಕೂತರು. ಬದಲಿ ಡ್ರೈವರು ಪ್ರತಿ ತಿರುವಿಗೂ ಅವರ ಪ್ರಾಣ ಹಿಂಡಿದ. ಗೈಡಮ್ಮ ಮೈಕಿನಲ್ಲಿ ಹೇಳುತ್ತಿದ್ದುದಕ್ಕೆ ಅವರ ತುಟಿಗಳು ತಮ್ಮಷ್ಟಕ್ಕೆ ಜೊತೆಗೂಡುತ್ತಿದ್ದವು. ಬಲಗಾಲು ಅಡಿಗಡಿಗೆ ನೆಲವನ್ನು ಒತ್ತುತ್ತಿತ್ತು. "ಭಾವಾ, ಅದು ಬ್ರೇಕಲ್ಲ, ನನ್ನ ಕಾಲು" ಎಂದಳು ನಾದಿನಿ.

ಅರಮನೆಯಲ್ಲಿ ಕೆಳಗಿನ ಮಹಡಿ ನಿರಾತಂಕವಾಗಿ ಮುಗಿಯಿತು. ಕತ್ತಿಗಳು, ಪಿಂಗಾಣಿ, ಒಂದೇ ಮೂಗನ್ನು ತಲೆಮಾರುಗಳಿಂದ ಕೈ ಬದಲಾಯಿಸಿಕೊಂಡು ಬಂದಂತಿದ್ದ ರಾಜರ ಚಿತ್ರಗಳು. ಮೇಲೆ ಹೋಗುವ ಮೆಟ್ಟಿಲ ಬುಡದಲ್ಲಿ ಷಡ್ಡಕರು ಗೈಡಮ್ಮನನ್ನು ನಿಲ್ಲಿಸಿ ನೀಲಿ ಕೋಣೆ ಎಲ್ಲಿ ಎಂದು ಕೇಳಿದರು. ಆಕೆ ರೆಪ್ಪೆ ಅಲುಗಿಸದೆ, "ಅದಾ? ಸದ್ಯಕ್ಕೆ ಮುಚ್ಚಿದಾರೆ ಸಾರ್, ರಿಪೇರಿ" ಎಂದಳು. ಗೋಡೆ ಬೀಳದೆ ಉಳಿಯಿತು. ಹೊರಗಣ್ಣನವರ ಎದೆಯ ಭಾರ ಇಳಿಯಿತು. ಇಳಿದು ಅರ್ಧ ದಾರಿಗೆ ಬಂದಿರಬೇಕು, ಅಷ್ಟರಲ್ಲಿ ಹೆಂಡತಿಯ ಮಾತು ಕೇಳಿಸಿತು.

"ಅಯ್ಯೋ. ಮತ್ತೆ ಯಾವಾಗ ತೆಗೀತಾರಮ್ಮ? ಆವಾಗ ಬರ್ತೀನಿ, ಒಬ್ಬಳೇ ಆದ್ರೂ ಸರಿ. ಅದೊಂದು ನೋಡ್ಬೇಕು."

ಗೈಡಮ್ಮ ಹೊರಗಣ್ಣನವರತ್ತ ನೋಡಿದಳು. ಅವರು ಗಂಟಲು ಕೆರೆದರು.

"ತೆಗೆಯಲ್ಲ. ಅಂಥ ಕೋಣೆನೇ ಇಲ್ಲ. ನಾನು ಕಟ್ಟಿದ ಕಥೆ ಅದು. ಈ ಬಾಗಿಲು ದಾಟಿ ನಾನು ಒಳಗೆ ಬಂದಿರೋದು ಇವತ್ತೇ."

ಹೆಂಡತಿ ಹತ್ತಿರದಲ್ಲಿ ಹಗ್ಗ ಕಟ್ಟಿ ಇಟ್ಟಿದ್ದ ಕೆತ್ತನೆಯ ಕುರ್ಚಿಯೊಂದರ ಬಳಿ ಹೋಗಿ, ಹಗ್ಗ ಎತ್ತಿ, ಕೂತುಬಿಟ್ಟಳು. ಕಾವಲುಗಾರ ಓಡಿ ಬಂದ. "ಅಮ್ಮಾ, ಏಳಿ ಏಳಿ, ಅದು ರಾಜರ ಕುರ್ಚಿ!"

"ರಾಜರು ಬಂದ್ರೆ ಏಳ್ತೀನಿ" ಎಂದಳು ಆಕೆ, ಗಂಡನ ಮುಖದಿಂದ ಕಣ್ಣು ತೆಗೆಯದೆ. "ಹಾಗಾದ್ರೆ ಗೋಪುರ?"

"ಕೆಳಗಿಂದ ನೋಡಿದೀನಿ."

"ಮೀನು?"

"ವಾಸನೆ ಮಾತ್ರ."

"ಒಂದೂ ನೋಡಿಲ್ವಾ ನೀವು? ಇಷ್ಟು ವರ್ಷದಲ್ಲಿ?"

"ಒಂದೂ ಇಲ್ಲ."

"ನನಗೆ ಆ ಕೋಣೆ ಇಷ್ಟ ಆಗಿತ್ತು ರೀ. ನಿಮ್ಮ ಮೇಲೆ ಮಾತ್ರ ಕೆಂಡದಂಥ ಕೋಪ. ನಾನು ಇಲ್ಲಿ ಕೊರಡಿನ ಹಾಗೆ ಬಿದ್ದಿದೀನಿ, ಈ ಮನುಷ್ಯ ದಿನಾ ಊರೆಲ್ಲ ಕಣ್ತುಂಬ ನೋಡ್ಕೊಂಡು ಬಂದು ನನ್ನ ತಲೆದೆಸೇಲಿ ಕೂತು ಬಣ್ಣಿಸ್ತಾನಲ್ಲ, ಎಂಥ ಕಲ್ಲೆದೆ ಇರ್ಬೇಕು ಅಂತ. ಎದ್ದು ಓಡಾಡೋ ಹಾಗಾದ ಮೇಲೂ ಆ ಕಿಚ್ಚು ಆರ್ಲಿಲ್ಲ. ಅದಕ್ಕೇ ನಾನು ಬರ್ತೀನಿ ಅಂತ ಮೊನ್ನೆವರೆಗೂ ಒಂದು ದಿನಾನೂ ಕೇಳ್ಲಿಲ್ಲ. ನೀವೇ ನೋಡ್ಕೊಳ್ಳಿ ಅಂತ ಬಿಟ್ಟಿದ್ದೆ."

ಹೊರಗಣ್ಣನವರಿಗೆ ಈಗ ಅರ್ಥವಾಯಿತು. ಒಂದು ಚಳಿಗಾಲವಿಡೀ ತಾವು ಔಷಧವೆಂದು ಕುಡಿಸಿದ್ದು ಗಾಯಕ್ಕೆ ಉಪ್ಪಾಗಿ ಬಿದ್ದಿತ್ತು. ಸುಳ್ಳು ಬಯಲಾಗಬಾರದೆಂದು ತಾವು ಇಷ್ಟು ಕಾಲ ಕಾದದ್ದೂ, ಬಯಲಾಗದ ತಪ್ಪಿಗೆ ಆಕೆ ಇಷ್ಟು ಕಾಲ ಉರಿದದ್ದೂ ಒಂದೇ ಕೋಣೆಯ ಒಳಗೆ ಮತ್ತು ಹೊರಗೆ ನಡೆದಿತ್ತು.

"ಮೊದಲೇ ಹೇಳ್ಬಾರದಿತ್ತಾ, ನಾನೂ ನೋಡಿಲ್ಲ ಅಂತ!" ಎಂದಳು ಹೆಂಡತಿ. ಹೇಳಿ ನಕ್ಕಳು, ನಗು ಕೊನೆಯಲ್ಲಿ ಸ್ವಲ್ಪ ಒದ್ದೆಯಾಯಿತು. ಎದ್ದು ಸೆರಗು ಸರಿಮಾಡಿಕೊಂಡು, "ನಡೀರಿ, ಇರೋದನ್ನಾದ್ರೂ ನೋಡೋಣ" ಎಂದು ಅವರ ಕೋಟಿನ ತೋಳು ಹಿಡಿದೆಳೆದಳು. ಇಷ್ಟು ಹೊತ್ತು ಶ್ರಮಪಟ್ಟು ಬಾಯಿ ಕಟ್ಟಿಕೊಂಡಿದ್ದ ಷಡ್ಡಕರು, "ಅಣ್ಣಾ, ಊರಿಗೆ ಬಂದಾಗ ಅಂಗಡಿ ಕಡೆ ಬನ್ನಿ. ದೂರದ್ದು ನಿಮಗೆ ಚೆನ್ನಾಗಿ ಕಾಣುತ್ತೆ, ಹತ್ತಿರದ್ದಕ್ಕೇ ನಂಬರ್ ಬೇಕು" ಎಂದರು.

ಪ್ರೇಕ್ಷಕರಾಗಿ ಹೊರಗಣ್ಣನವರು ಯಶಸ್ವಿಯಾದರೆಂದು ಹೇಳಲಾಗದು. ಪ್ರತಿ ಕೋಣೆಯಲ್ಲೂ ಮೊದಲು ಹೊರಹೋಗುವ ಬಾಗಿಲನ್ನು ಗುರುತಿಸಿಕೊಳ್ಳುತ್ತಿದ್ದರು. ಉದ್ಯಾನ ಕಾಣುವ, ಮೆಟ್ಟಿಲ ತುದಿಯ ಹಿಂಬದಿಯ ಕಿಟಕಿಯಲ್ಲಿ ಎಲ್ಲರೂ ಕಾರಂಜಿಯನ್ನು ಹೊಗಳುತ್ತಿದ್ದಾಗ, ಅವರು ಬಗ್ಗಿ ಕೆಳಗೆ ನಿಂತ ತಮ್ಮ ಬಸ್ಸಿನ ಮೇಲ್ಭಾಗವನ್ನು ನೋಡಿ, "ಮೇಲ್ಗಡೆ ಯಾರೂ ಉಜ್ಜೇ ಇಲ್ಲ, ಹಕ್ಕಿ ಗಲೀಜು ಹಾಗೇ ಇದೆ" ಎಂದು ನೊಂದುಕೊಂಡರು.

ಮರುದಿನದಿಂದ ಅವರು ಮತ್ತೆ ಹಿತ್ತಲಿನವರೇ, ನಿಯಮವೇನೂ ಬದಲಾಗಲಿಲ್ಲ. ಬದಲಾದದ್ದು ಮನೆಯ ಸಂಜೆ. ನೌಕರರ ಮನೆಯವರಿಗೆಂದು ಕಂಪನಿ ಕೊಡುತ್ತಿದ್ದ, ಬಹುಕಾಲ ಬೀರುವಿನಲ್ಲಿ ಮಲಗಿದ್ದ ಪಾಸನ್ನು ಹೆಂಡತಿ ಹೊರತೆಗೆದಳು. ಗೋಪುರ ಹತ್ತಿ ಬಂದಳು, ಮೀನು ನೋಡಿ ಬಂದಳು. ಸಂಜೆ ಅವರು ಬೂಟು ಬಿಚ್ಚುವ ಮೊದಲೇ ಶುರು: ಗೋಪುರದ ತುದಿಯಲ್ಲಿ ಗಾಳಿ ಹೇಗಿದೆ, ಗಡಿಯಾರದ ಮುಳ್ಳಿನ ಮೇಲೆ ಪಾರಿವಾಳ ಹೇಗೆ ಸವಾರಿ ಹೋಗುತ್ತದೆ, ಮನುಷ್ಯನ ಮುಖದ ಮೀನೊಂದು ಗಾಜಿಗೆ ಮೂತಿಯಿಟ್ಟು ಹೇಗೆ ಬೈಯುತ್ತದೆ. ಅವರು ತಟ್ಟೆಯಲ್ಲಿ ಕೈಯಾಡಿಸುತ್ತ ಕೇಳುತ್ತಿದ್ದರು.

"ನಿಜವಾಗ್ಲೂ ಅಂಥ ಮೀನು ಇದೆಯಾ?"

"ಇಲ್ದೆ? ಸುಳ್ಳು ಹೇಳೋಕೆ ನಾನೇನು ಡ್ರೈವರ್ರಾ?"

ಎಲ್ಲ ಊರುಗಳಲ್ಲೂ ಇವರ ಕುಲದವರು ಇದ್ದಾರೆ. ನಾಟಕ ನಡೆಯುವಾಗ ರಂಗಕ್ಕೆ ಬೆನ್ನು ಮಾಡಿ ಟಾರ್ಚು ಹಿಡಿದು ನಿಂತವರು, ಮದುವೆಯ ಊಟ ಮುಗಿಯುವವರೆಗೆ ವಾಹನ ಕಾಯುವವರು, ಆಟದ ಮೈದಾನದಲ್ಲಿ ಆಟದ ಬದಲು ಜನರ ಮುಖವನ್ನೇ ನೋಡುತ್ತ ನಿಲ್ಲಬೇಕಾದ ಪೊಲೀಸರು. ಸಾವಿರ ಜನ ಒಂದು ಕಡೆ ಕಣ್ಣು ಹಾಯಿಸಬೇಕಾದರೆ ಒಬ್ಬರಾದರೂ ಇನ್ನೊಂದು ಕಡೆ ನೋಡುತ್ತಿರಬೇಕು. ಅದೇ ಅವರ ಉದ್ಯೋಗ. ಅವರಿಗೆ ಕಾಣದ ಒಳಗನ್ನು ಅವರು ಮನೆಯಲ್ಲಿ ಬಣ್ಣ ಕಟ್ಟಿ ಹೇಳಿದರೆ, ಅದನ್ನು ಸುಳ್ಳೆನ್ನುವುದಕ್ಕಿಂತ ಸಂಬಳದಲ್ಲಿ ಸೇರದ ಭತ್ಯೆ ಎನ್ನುವುದು ನ್ಯಾಯ. ಕಂಪನಿಗಳು ಅದನ್ನು ಕೊಡುವುದಿಲ್ಲ. ಮನೆಯವರು ಮಂಜೂರು ಮಾಡಬೇಕು; ಮಾಡುವ ಮುನ್ನ ಒಂದಿಷ್ಟು ವಿಚಾರಣೆ ನಡೆಸುವ ಹಕ್ಕೂ ಅವರಿಗೆ ಉಂಟು.