ಗುರುವಾರದ ನೀರು

ನನ್ನ ಗಂಡ ನೂರಲಿ ನೆಟ್ಟಿದ್ದ ಜರ್ದಾಳು ಮರವನ್ನು ಸಂಗಿನ್ ಕೊಂದ. ಅದರ ಒಂದೊಂದು ಹಣ್ಣೂ ನನ್ನ ತಲೆಯಷ್ಟು ದಪ್ಪವಿರುತ್ತಿತ್ತು.

ಸಂಗಿನ್ ನಮ್ಮೂರ ಫುಟ್‌ಬಾಲ್ ಸ್ಟೇಡಿಯಮ್ಮಿನ ಮ್ಯಾನೇಜರು. ಹೊಸ ಹುಲ್ಲು ಬೆಳೆಸಿ, ರಾಜಧಾನಿ ದುಶಾಂಬೆಯ ದೊಡ್ಡ ಸಾಹೇಬರನ್ನು ಕರೆಸಿ ಮೆರೆಯುವ ಹುಚ್ಚು ಅವನಿಗೆ. ನಮ್ಮ ಕೇರಿಯಲ್ಲಿ ಕಾಲುವೆ ನೀರು ಸರದಿಯ ಮೇಲೆ ಬರುತ್ತದೆ. ನನ್ನದು ಗುರುವಾರ, ಮಧ್ಯಾಹ್ನದಿಂದ ಸಂಜೆವರೆಗೆ. ಬೇಕಾದವರಿಗೆ ಸರದಿ ಕೊಡಬಹುದು, ಆದರೆ ಒಮ್ಮೆ ಬಿಟ್ಟ ನೀರನ್ನು ಸರದಿ ಮುಗಿಯದೆ ಯಾರೂ ತಿರುಗಿಸುವಂತಿಲ್ಲ.

ಈ ಬೇಸಿಗೆ ಮಗಳ ಬಾಣಂತನಕ್ಕೆಂದು ನಾನು ನಲವತ್ತು ದಿನ ಖುಜಂದಿನ ಅವಳ ಮನೆಯಲ್ಲಿದ್ದೆ. ಸಂಗಿನ್ ನೀರುಗಂಟಿ ಹಮ್ರೊಕುಲನಿಗೆ, "ಅಜ್ಜಿ ತನ್ನ ಸರದಿ ಸ್ಟೇಡಿಯಮ್ಮಿಗೆ ಕೊಟ್ಟವ್ಳೆ" ಎಂದು ಸುಳ್ಳು ಹೇಳಿದ. ಸಾಲದ್ದಕ್ಕೆ, ನೀರು ಬೇಗ ನುಗ್ಗಲಿ ಎಂದು ಸ್ಟೇಡಿಯಮ್ಮಿನ ತೂಬಿನ ಹಲಗೆಯನ್ನೇ ಕಿತ್ತು ಬಿಸಾಡಿದ. ನಾನು ವಾಪಸು ಬಂದಾಗ ಮರ ಒಣಗಿ ಕಡ್ಡಿಯಾಗಿತ್ತು.

ಬೈಯಲು ಹೋದರೆ ಹತ್ತು ಜನರೆದುರು ನಕ್ಕ. "ಮರ ಹೋದ್ರೆ ಹೋಯ್ತು ಬಿಡಜ್ಜಿ, ಹುಲ್ಲು ನೋಡು ಹೆಂಗೈತೆ!"

ಇವನ ಮಾನವನ್ನು ಇದೇ ಹುಲ್ಲಿನ ಮೇಲೆ ತೊಳೆಯದಿದ್ದರೆ ನಾನು ನೂರಲಿಯ ಹೆಂಡತಿಯೇ ಅಲ್ಲ ಅಂದುಕೊಂಡೆ.

ಚಳಿ ಶುರುವಾಗುವ ಹೊತ್ತಿಗೆ ಇಟ್ಟ ಉದ್ಘಾಟನೆಯ ಆಟ ಬಿದ್ದದ್ದೂ ಗುರುವಾರವೇ. ಮಧ್ಯಾಹ್ನ ಹಮ್ರೊಕುಲ ಗುದ್ದಲಿ ಹೊತ್ತು ಬಂದ.

"ನಿನ್ನ ಹಿತ್ಲಿಗೆ ಬಿಡ್ಲಾ ಅಜ್ಜಿ?"

"ಒಣಗಿದ್ದಕ್ಕೆ ಯಾಕಪ್ಪಾ ನೀರು? ಸ್ಟೇಡಿಯಮ್ಮಿಗೆ ಬಿಡು. ಸಂಗಿನ್ ನಂಗೆ ಮಗ ಇದ್ದಂಗೆ."

"ಇವತ್ತು ಆಟ ಐತಲ್ಲ!"

"ಸರದಿ ನಂದೋ, ನಿಮ್ಮಪ್ಪಂದೋ?"

ಅವನು ಮೀಸೆಯಲ್ಲೇ ನಕ್ಕು ನೀರು ತಿರುಗಿಸಿದ. ಸುಳ್ಳು ನಂಬಿ ನನ್ನ ಮರ ಒಣಗಿಸಿದ ಪಾಪ ಅವನಿಗೂ ಚುಚ್ಚುತ್ತಿತ್ತು.

ನಾನು ತಲೆಗೆ ಹೊಸ ರುಮಾಲು ಕಟ್ಟಿ, ಸೂರ್ಯಕಾಂತಿ ಬೀಜ ಮೆಲ್ಲುತ್ತ ಮೊದಲ ಸಾಲಿನಲ್ಲಿ ಕೂತೆ. ಸಾಹೇಬರ ಭಾಷಣ ಮುಗಿಯುವಷ್ಟರಲ್ಲಿ ನೀರು ಅವರ ಹೊಳೆಯುವ ಬೂಟಿನೊಳಗಿತ್ತು. ಆಮೇಲಂತೂ ಸಿರ್ ದರಿಯಾ ನದಿಯೇ ಬಂತು ಅನ್ನಿ! ಚೆಂಡು ಒಂದು ಕಡೆ ತೇಲಿತು, ಗೋಲ್‌ಕೀಪರ್ ಒಂದು ಕಡೆ ಈಜಿದ, ಎರಡು ಬಾತುಕೋಳಿ ಬಂದು ಗೋಲು ಹೊಡೆದವು.

"ಮುಚ್ಚೋ, ನೀರು ಮುಚ್ಚೋ!" ಸಂಗಿನ್ ಅರಚಿದ.

"ಹಲಗೆ ಕಿತ್ತೋನು ನೀನೇ, ಯಾವುದ್ರಲ್ಲಿ ಮುಚ್ಲಿ?" ಎಂದ ಹಮ್ರೊಕುಲ. "ಮೇಲಿಂದ ತಿರುಗ್ಸೋಕೆ ಅಜ್ಜಿ ಸರದಿ ಮುಗೀಬೇಕು."

ಇಡೀ ಊರು ನಕ್ಕಿತು. ಸಾಹೇಬರು ಕಾಲುಚೀಲ ಹಿಂಡಿಕೊಂಡು, ಸಂಗಿನ್ನನ ಮುಖವನ್ನೂ ನೋಡದೆ ಕಾರು ಹತ್ತಿದರು.

ಸಂಜೆ ಅವನು ಒದ್ದೆ ಪ್ಯಾಂಟಿನಲ್ಲಿ ನಡುಗುತ್ತ ನನ್ನ ಬಾಗಿಲಿಗೆ ಬಂದ. "ನನ್ನ ಕೆಲ್ಸ ಹೋಯ್ತಲ್ಲಜ್ಜೀ!"

"ಕೆಲ್ಸ ಹೋದ್ರೆ ಹೋಯ್ತು ಬಿಡೋ, ಕೆರೆ ನೋಡು ಹೆಂಗೈತೆ!"

ಅಂಗಳದ ಒಲೆಯಲ್ಲಿ ನೂರಲಿಯ ಮರ ಉರಿಯುತ್ತಿತ್ತು. ಚಳಿ ಕಾಯಿಸಿಕೊಳ್ಳಲು ಸಂಗಿನ್ ಅದರತ್ತ ಕೈ ಚಾಚಿದ. ನಾನು ಕೊಡದಲ್ಲಿದ್ದ ನೀರನ್ನೆಲ್ಲ ಒಲೆಗೆ ಸುರಿದೆ.