ಗುಲಾಬಿಯ ಒಪ್ಪಿಗೆ

ಬಂಟ್ವಾಳ ಪೇಟೆಯ ಸೀರೆಗೆ ಹನ್ನೊಂದು ರೂಪಾಯಿ, ರವಕೆ ಕಣಕ್ಕೆ ಒಂದೂವರೆ, ಕರಿಮಣಿಗೆ ಮೂರು, ಬಳೆಗೆ ಆರಾಣೆ — ಬದುಕಿದ್ದಾಗ ಅಕ್ಕ ಗುಲಾಬಿಗೆ ಸೋದರಮಾವ ದೂಮಣ್ಣ ಇಷ್ಟು ಬಿಚ್ಚಿದ್ದೇ ಇಲ್ಲ, ಎಂದುಕೊಳ್ಳುತ್ತ ರಾಜೀವಿ ಮಣೆಯ ಮೇಲಿಟ್ಟ ಕಳಸಕ್ಕೆ ಸೀರೆ ಸುತ್ತುತ್ತಾಳೆ, ನೆರಿಗೆ ನಿಲ್ಲುವುದಿಲ್ಲ, ಒಳಗೆ ಸೊಂಟ ಇಲ್ಲವಲ್ಲ, ಬಳೆ ದೊಡ್ಡದಾಯಿತು ಮಾವ, ಅಕ್ಕನ ಕೈ ಸಪೂರ, ಸತ್ತವಳಿಗೆ ಅಳತೆ ಎಂಥದು ಮಾರಾಯ್ತಿ, ಹಾಕು ಬೇಗ, ಬೆಳುವಾಯಿಯವರು ಬಂದಾಯಿತು, ಅವರ ಸತ್ತ ಹುಡುಗ ಶೇಖರ ಆಚೆ ಮಣೆಯಲ್ಲಿ ಪಂಚೆಯೂ ಶಾಲೂ ಆಗಿ ಕೂತಿದ್ದಾನೆ, ಸಿಡುಬಿನಲ್ಲಿ ಹೋದವನಂತೆ, ಕುಲೆಗೆ, ಸತ್ತವಳ ಆತ್ಮಕ್ಕೆ, ಮದುವೆ ಮಾಡದೆ ತಂಗಿಗೆ ಮದುವೆ ಕೂಡದು ಎಂದು ಬಲ್ಯಾಯರು ಕವಡೆ ಇಟ್ಟು ಹೇಳಿದ್ದು, ಬಂದ ಎರಡು ಸಂಬಂಧ ಮುರಿದದ್ದೂ ಅದಕ್ಕೇ ಅಂತೆ, ಮೂರನೆಯ ಬೆಳ್ತಂಗಡಿಯವರು ಇವತ್ತಿಗಾಗಿ ಕಾಯುತ್ತಿದ್ದಾರೆ, ರಾಜೀವಿಗೆ ಇಪ್ಪತ್ತಾರು, ಅಕ್ಕನಿಗೆ ಇನ್ನೂ ಹತ್ತೊಂಬತ್ತೇ, ಈಗ ತಂಗಿಯೇ ಹಿರಿಯಳು — ದೋಣಿಯ ದೇಜಪ್ಪನೇ ಬೇಕೆಂದಳು ಅಕ್ಕ, ಅವನೂ ಸಾಲಿಯಾನ, ನಮ್ಮದೇ ಬಳಿ, ತಾಯಿಯಿಂದ ಬರುವ ಕುಲ, ಒಂದೇ ಬಳಿಯೆಂದರೆ ಅಣ್ಣತಂಗಿ, ನಾಚಿಕೆ ಉಂಟಾ ನಿನಗೆ, ಮಾವ ಭತ್ತದ ಕೋಣೆಗೆ ನೂಕಿ ಚಿಲಕ ಹಾಕಿದ, ಬೇರೆ ಗಂಡು ನೋಡಿದ್ದೇನೆ, ಒಪ್ಪಿಗೆ ಅಂತ ಹೇಳು, ತೆಗೆಯುತ್ತೇನೆ, ಬಾಗಿಲಿನಾಚೆಯಿಂದ ಅಕ್ಕನ ಇಲ್ಲ, ಗಂಜಿ ಇಟ್ಟರೂ ಇಲ್ಲ, ಅಮ್ಮ ಅತ್ತರೂ ಇಲ್ಲ, ಅಳಿಯಸಂತಾನದ ಮನೆ, ಹೆಣ್ಣೇ ಒಡತಿ ಎಂದು ಊರೆಲ್ಲ ಹೇಳುವುದು, ಚಿಲಕ ಮಾತ್ರ ಮಾವನ ಕಡೆಗೆ, ಅದನ್ನು ತೆಗೆದ ದಿನ ಅಕ್ಕ ನೇರ ಬಾವಿಗೆ ಹೋದಳು, ಕಾಲು ಜಾರಿತು ಎಂದ ಮಾವ, ಕಾಲು ಜಾರಿತು ಎಂದಳು ರಾಜೀವಿಯೂ — ಚಂದ ಉಂಟು ಮಗಾ ಸೀರೆ, ಎನ್ನುತ್ತ ಶೇಖರನ ತಾಯಿಯ ತಾಯಿ ಪಕ್ಕದಲ್ಲಿ ಕೂರುತ್ತಾಳೆ, ಬಾಯಿ ತುಂಬ ಎಲೆಯಡಿಕೆ, ನಮ್ಮ ಹುಡುಗ ಪಾಪದವ, ಹೊಡೆಯುವವನಲ್ಲ, ಸಾಲಿಯಾನರ ಮನೆಯಲ್ಲಿ ಹೆಣ್ಣಿಗೆ ಕಡಿಮೆ ಮಾಡಿದ್ದಿಲ್ಲ, ಸಾಲಿಯಾನ? ರಾಜೀವಿಯ ಕೈ ನಿಂತಿತು, ಅಜ್ಜಿ ಉಗುಳಲು ಅಂಗಳಕ್ಕೆ ಇಳಿದದ್ದೇ ಮಾವ ಬಗ್ಗಿ ಮೆಲ್ಲಗೆ, ಗೊತ್ತುಂಟು, ವಯಸ್ಸಿಗೆ ಸರಿಯಾದ ಸತ್ತ ಹುಡುಗ ಬೇರೆಲ್ಲಿ ಸಿಗಬೇಕು, ನಮ್ಮದು ಬೇರೆ ಬಳಿ ಅಂತ ಹೇಳಿದ್ದೇನೆ, ಸತ್ತವರಿಗೆ ಎಂಥ ಬಳಿ, ನೀನು ಬಾಯಿಬಿಟ್ಟರೆ ಬೆಳ್ತಂಗಡಿಯೂ ಹೋಯಿತು ನೋಡು — ಸತ್ತವರಿಗೆ ಬೇಡದ್ದು ಸಾಯುವ ಮುಂಚೆ ಯಾಕೆ ಬೇಕಿತ್ತು, ಹೇಳಿಬಿಡಬೇಕು, ಅಜ್ಜಿಗೆ ಒಂದೇ ಮಾತು ಸಾಕು, ಮದುವೆ ನಿಲ್ಲುತ್ತದೆ, ಎರಡೂ ಮದುವೆ ನಿಲ್ಲುತ್ತದೆ, ಆಮೇಲೆ ಈ ಮನೆ, ಈ ಮಾವ, ಸಾಯುವ ತನಕ, ಬೆಳ್ತಂಗಡಿಯವನು ಕುಡಿಯುವುದಿಲ್ಲವಂತೆ, ಅಲ್ಲಿ ಚಿಲಕ ಯಾವ ಕಡೆಗೋ — ಉಗುಳಿ ಬಂದ ಅಜ್ಜಿ ಕೇಳುತ್ತಾಳೆ, ಹುಡುಗಿಯ ಬದಲಿಗೆ ಮಾತಾಡಲಿಕ್ಕೆ ಯಾರು, ತಾಯಿ ಹೋಗಿಯಾಯಿತು, ತಂಗಿ ಇದ್ದಾಳಲ್ಲ, ಹೇಳು ಮಗಾ, ಗುಲಾಬಿಗೆ ಒಪ್ಪಿಗೆ ಉಂಟಾ, ಎಲ್ಲರೂ ನೋಡುತ್ತಾರೆ, ನೆರಿಗೆ ಮತ್ತೆ ಜಾರುತ್ತದೆ, ಬಾಗಿಲಿನಾಚೆಯಿಂದ ಇಲ್ಲ, ಇಲ್ಲ, ರಾಜೀವಿ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಉಂಟು ಎಂದಳು.

ರಾಜೀವಿಗೆ ಬೆಳ್ತಂಗಡಿಯ ಮನೆ ಸಿಕ್ಕಿತು. ಅಕ್ಕನಿಗೆ ಅಂತ ಉಳಿದದ್ದು ಆ ಒಂದು ‘ಇಲ್ಲ’ ಮಾತ್ರ, ಅದೂ ಹೋಯಿತು.